ಹಾಡಿನ ಡಬ್ಬಿ ಮೂಕಾದಾಗ

“ಕಣ್ಣಿದ್ದವರು ಕನಕಗಿರಿಯನ್ನು ನೋಡಬೇಕು, ಕಾಲಿದ್ದವರು ಹಂಪಿಯನ್ನು ನೋಡಬೇಕು” ಎಂಬ ಗಾದೆಯು ನಮ್ಮ ಸೀಮೆಯಲ್ಲಿ ಎಲ್ಲರ ಬಾಯಲ್ಲಿಯೂ ಇರುವುದು. ಹಂಪಿಯು ಹರವಾದ ಊರು. ಅಲ್ಲಿ ಒಂದು ಗುಡಿಯಿಂದ ಇನ್ನೊಂದು ಗುಡಿಗೆ ಹೋಗುವಷ್ಟರಲ್ಲಿ ಕಾಲು ಸೋಲುವುದು. ನಮ್ಮ ಕನಕಗಿರಿಯಲ್ಲಿಯಾದರೋ ಕನಕಾಚಲಪತಿಯ ಗುಡಿಯ ಕಂಬವೊಂದರ ಮುಂದೆ, ಅಥವಾ ವೆಂಕಟಪತಿ ಬಾವಿಯ ಮೆಟ್ಟಿಲ ಮೇಲೆ, ನಿಂತಲ್ಲಿಯೇ ನಿಂತು ಸಾವಕಾಶವಾಗಿ ನೋಡಿದವರಿಗೇ ಕೆತ್ತನೆಯ ಸೊಬಗು ತಿಳಿಯುವುದು. ಹಿರಿಯರು ಈ ಗಾದೆಯನ್ನು ದೇವಾಲಯಗಳನ್ನು ಕುರಿತು ಹೇಳಿದರು. ಕೆಟ್ಟು ನಿಂತ ಯಂತ್ರಕ್ಕೂ ಅದು ಸಲ್ಲುವುದೆಂಬುದನ್ನು ನಾವು 2024ನೆಯ ಇಸವಿಯ ಫಾಲ್ಗುಣದಲ್ಲಿ, ಜಾತ್ರೆಯ ಗದ್ದಲದೊಳಗೆ, ಸ್ವಲ್ಪ ಪೆಟ್ಟು ತಿಂದು ಕಲಿತೆವು. ಆ ಸಂಗತಿಯನ್ನು ವಾಚಕರ ಮುಂದೆ ಇಟ್ಟರೆ ನಾಲ್ಕು ಮನೆಗಳಿಗಾದರೂ ಉಪಯೋಗವಾದೀತೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಯಂತ್ರವೆಂದರೆ ದೊಡ್ಡದೇನೂ ಅಲ್ಲ. ಅಂಗೈಯೊಳಗೆ ಅಡಗುವ ಒಂದು ಎಂಪಿ3 ಪ್ಲೇಯರು. ನಮ್ಮ ಮನೆಯಲ್ಲಿ ಅದಕ್ಕೆ ‘ಹಾಡಿನ ಡಬ್ಬಿ’ ಎಂದು ಹೆಸರು. 2011ರಲ್ಲಿ ಕೊಂಡ ಆ ಡಬ್ಬಿಯಲ್ಲಿ 4 ಜಿ.ಬಿ. ಸ್ಥಳವಿರುವುದು. ಸಾಧಾರಣವಾಗಿ ಒಂದು ನಿಮಿಷದ ಹಾಡಿಗೆ ಸುಮಾರು 1 ಎಂ.ಬಿ. ಸಾಕಾಗುವುದರಿಂದ, ಅರವತ್ತು ತಾಸಿಗೆ ಮಿಕ್ಕಿದ ಹಾಡು ಅದರಲ್ಲಿ ಹಿಡಿಯುವುದು. ಮಲ್ಲಿಕಾರ್ಜುನ ಮನಸೂರರ ಮತ್ತು ಸಿದ್ಧರಾಮ ಜಂಬಲದಿನ್ನಿಯವರ ವಚನಗಾಯನವನ್ನು ನಾವು ಅದರಲ್ಲಿ ತುಂಬಿಸಿದ್ದೆವು. ಅವು ಎಲ್ಲಿಯಾದರೂ ಮತ್ತೆ ದೊರಕುವವು. ಆದರೆ ಆ ಡಬ್ಬಿಗೆ ಮಾತನ್ನು ಹಿಡಿದಿಡುವ ಗುಂಡಿಯೊಂದೂ ಇದ್ದಿತು. 2013ರ ಜಾತ್ರೆಯ ಮರುದಿನ ನಮ್ಮ ತಾಯಿಯವರು ಪಡಸಾಲೆಯಲ್ಲಿ ಅಕ್ಕಿ ಹಸನು ಮಾಡುತ್ತ ಕುಳಿತವರು, ಮೊಮ್ಮಕ್ಕಳ ಒತ್ತಾಯಕ್ಕೆ ನಾಲ್ಕು ಬೀಸುವ ಪದಗಳನ್ನು ಹೇಳಿದ್ದರು. ಹುಡುಗರು ಅದನ್ನು ಹಿಡಿದಿಟ್ಟರು. ನಾಲ್ಕನೆಯ ಪದವು ನಡುವೆಯೇ ನಿಂತುಹೋಯಿತು. ಡಬ್ಬಿಯಲ್ಲಿ ಚಾರ್ಜು ಮುಗಿದಿತ್ತು. “ಇರ್ಲಿ, ಮುಂದಿನ ಸಲ ಹೇಳತೀನಿ” ಎಂದರು. ಮುಂದಿನ ಸಲವು ಬರಲಿಲ್ಲ. 2015ರಲ್ಲಿ ಅವರು ತೀರಿಕೊಂಡರು.

ಅಂದಿನಿಂದ ನಮ್ಮ ತಂದೆಯವರು ದಿನಾಲು ಸಂಜೆ ದೀಪ ಹಚ್ಚಿದ ಮೇಲೆ ಆ ಡಬ್ಬಿಯನ್ನು ಹಿಡಿದು ಕಟ್ಟೆಯ ಮೇಲೆ ಕೂಡುವರು. ಮೂರೂವರೆ ಪದಗಳನ್ನು ಕೇಳಿ, ಗುಂಡಿಯನ್ನು ಒತ್ತಿ, ಊಟಕ್ಕೆ ಏಳುವರು. ಒಂಬತ್ತು ವರ್ಷ ಈ ಕ್ರಮವು ತಪ್ಪಿರಲಿಲ್ಲ. ಮನೆಯ ಗಡಿಯಾರದಂತೆ ಅದು ನಮಗೆ ರೂಢಿಯಾಗಿತ್ತು. ರೂಢಿಯಾದ ವಸ್ತುವಿನ ಬೆಲೆಯು ಮನಸ್ಸಿಗೆ ಬರುವುದು ಅದು ಇಲ್ಲದಾದಾಗಲೇ. ಹಾಗಿಲ್ಲದಿದ್ದರೆ, ಆ ಪದಗಳ ಇನ್ನೊಂದು ಪ್ರತಿಯನ್ನು ಬೇರೆಲ್ಲಿಯೂ ಇಟ್ಟುಕೊಳ್ಳದೆ ಇಷ್ಟು ವರ್ಷ ನಿಶ್ಚಿಂತರಾಗಿ ಹೇಗೆ ಇದ್ದೆವು?

ಜಾತ್ರೆಯ ಎರಡನೆಯ ದಿನ ಸಂಜೆ ಡಬ್ಬಿಯು ಮಾತಾಡಲಿಲ್ಲ. ಗುಂಡಿ ಒತ್ತಿದರೆ ಬೆಳಕಿಲ್ಲ; ಚಾರ್ಜಿಗೆ ಹಚ್ಚಿದರೆ ಗುರುತಿಲ್ಲ. ಮನೆಯ ತುಂಬ ನೆಂಟರು. ಒಬ್ಬೊಬ್ಬರೂ ಅದನ್ನು ಕೈಗೆ ತೆಗೆದುಕೊಂಡು ಒಂದೊಂದು ಸಲಹೆಯನ್ನು ಹೇಳಿದರು. ಒಬ್ಬರು ಅಂಗೈಗೆ ಬಡಿದರು; ಇನ್ನೊಬ್ಬರು ಬಿಸಿಲಿನಲ್ಲಿ ಇಡಿರೆಂದರು. ನಮ್ಮ ಅಣ್ಣನ ಮಗನು, “ಹೊಸಾದು ತಂದಬಿಡೂಣ ಬಿಡ್ರಿ ಕಾಕಾ, ಇದು ಭಾಳ ಹಳೇದಾತು” ಎಂದನು. ತಂದೆಯವರು ಯಾರಿಗೂ ಏನೂ ಹೇಳಲಿಲ್ಲ. “ಜಾತ್ರಿ ಮುಗೀಲಿ, ನೋಡೂಣಂತ” ಎಂದು ಡಬ್ಬಿಯನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡರು. ಮರುದಿನ ಸಂಜೆ ದೀಪ ಹಚ್ಚಿದ ಮೇಲೆ ಎಂದಿನಂತೆ ಕಟ್ಟೆಯ ಮೇಲೆ ಕುಳಿತರು. ಅಷ್ಟು ಹೊತ್ತು ಕುಳಿತು, ಎಂದಿನ ಹೊತ್ತಿಗೇ ಊಟಕ್ಕೆ ಎದ್ದರು. ಅದನ್ನು ಕಂಡು ನಮಗೆ ಸುಮ್ಮನಿರುವುದು ಆಗಲಿಲ್ಲ.

ಆತುರದಲ್ಲಿ ನಾವು ಮಾಡಿದ ತಪ್ಪನ್ನು ಇಲ್ಲಿ ಮುಚ್ಚಿಡುವುದಿಲ್ಲ. ಚಾರ್ಜಿನ ತಂತಿ ಹೋಗುವ ಕಿಂಡಿಯಲ್ಲಿ ಏನೋ ಕಸ ಕೂತಿರುವಂತೆ ಕಂಡಿತು. ಒಳ್ಳೆಯ ಬೆಳಕಿನಲ್ಲಿ ನೋಡದೆ, ಕೈಗೆ ಸಿಕ್ಕ ಸೂಜಿಯನ್ನು ತೆಗೆದುಕೊಂಡು ಕೆದರಿದೆವು. ಕಸವೇನೋ ಬಂದಿತು, ಅದರ ಜತೆಗೆ ಕಿಂಡಿಯೊಳಗಿನ ಎಳೆಯಂತಹ ಲೋಹದ ನಾಲಿಗೆಯೊಂದು ಬಾಗಿತು. ಕಣ್ಣು ಮಾಡಬೇಕಾದ ಕೆಲಸವನ್ನು ಕೈಗೆ ಒಪ್ಪಿಸಿದ್ದರಿಂದ ಒಂದು ಕೇಡಿದ್ದಲ್ಲಿ ಎರಡು ಕೇಡಾದವು.

ತಂದೆಯವರು 1938ರಲ್ಲಿ ಹುಟ್ಟಿದವರು. ಈ ಸೀಮೆಯು ನಿಜಾಮರ ರಾಜ್ಯಕ್ಕೆ ಸೇರಿದ್ದಾಗ ಬಾಲ್ಯವನ್ನು ಕಳೆದವರು. ಆ ರಾತ್ರಿ ಅವರು ನಮ್ಮ ಮುಖವನ್ನು ನೋಡಿ, ತಮ್ಮ ಕಾಲದ ಗ್ರಾಮಾಫೋನಿನ ಮಾತನ್ನು ತೆಗೆದರು. ನಿಮಿಷಕ್ಕೆ 78 ಸುತ್ತು ತಿರುಗುವ ಆ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷದ ಸುಮಾರು ಹಾಡು. ಮುಳ್ಳು ಮೊಂಡಾದರೆ ಕಿವಿಗೆ ತಿಳಿಯುತ್ತಿತ್ತು. ಸ್ಪ್ರಿಂಗು ಕಡಿದರೆ ಕೀಲಿ ತಿರುಗಿಸುವ ಕೈಗೆ ತಿಳಿಯುತ್ತಿತ್ತು. ಅನಂತರ ಬಂದ ಕ್ಯಾಸೆಟ್ಟೂ ಹಾಗೆಯೇ. 1963ರಲ್ಲಿ ಯುರೋಪಿನಲ್ಲಿ ಮೊದಲು ಕಾಣಿಸಿಕೊಂಡ ಅದು ನಮ್ಮ ಹಳ್ಳಿಗಳ ವರೆಗೆ ಬಂದ ಮೇಲೆ, ಟೇಪು ಸಿಕ್ಕುಬಿದ್ದರೆ ಪೆನ್ಸಿಲು ತೂರಿಸಿ ಸುತ್ತಿ ಸರಿಮಾಡದ ಹುಡುಗನೇ ಇರಲಿಲ್ಲ. “ಆಗಿನ ಯಂತ್ರದ ಬ್ಯಾನಿ ಮೈಮ್ಯಾಗ ಕಾಣತಿತ್ತು, ಈಗಿಂದರ ಬ್ಯಾನಿ ಹೊಟ್ಯಾಗ” ಎಂದು ತಂದೆಯವರು ನಕ್ಕರು. ಈ ಮಾತು ಅರ್ಧ ನಿಜವೆಂಬುದು ನಮಗೆ ಮರುದಿನ ತಿಳಿಯಿತು.

ಮರುದಿನ ಗಂಗಾವತಿಗೆ ಹೋದೆವು. ಮೊದಲು ಹೊಕ್ಕ ಅಂಗಡಿಯವರು ಡಬ್ಬಿಯನ್ನು ಸರಿಯಾಗಿ ನೋಡದೆಯೇ, “ಫಾರ್ಮ್ಯಾಟು ಹೊಡದು ನೋಡೂಣ, ಆಗಲಿಲ್ಲಂದ್ರ ಹೊಸಾದು ತಗೋರಿ” ಎಂದರು. ಆ ಶಬ್ದದ ಅರ್ಥವು ನಮಗೆ ಆಗ ಗೊತ್ತಿರಲಿಲ್ಲ. ಆದರೂ ‘ಹೊಡೆದು’ ಎಂಬ ಮಾತು ಕಿವಿಗೆ ಹಿತವಾಗದ ಕಾರಣ ಡಬ್ಬಿಯನ್ನು ಮರಳಿ ತೆಗೆದುಕೊಂಡು ಹೊರಬಿದ್ದೆವು. ಫಾರ್ಮ್ಯಾಟು ಮಾಡುವುದೆಂದರೆ ಪಾಟಿಯನ್ನು ಒರೆಸಿ ಹೊಸದಾಗಿ ಗೆರೆ ಹಾಕಿದಂತೆ, ಬರೆದದ್ದೆಲ್ಲವೂ ಹೋಗುವುದು. ಹೀಗೆಂದು ಹೇಳಿದವನು ಮುಂದಿನ ಓಣಿಯ ಒಂದು ಸಣ್ಣ ಅಂಗಡಿಯಲ್ಲಿ ಮೊಬೈಲು ರಿಪೇರಿ ಮಾಡುತ್ತಿದ್ದ ತರುಣನು.

ಅವನು ಡಬ್ಬಿಯನ್ನು ಕೈಗೆ ತೆಗೆದುಕೊಳ್ಳುವ ಮೊದಲು ಒಂದು ಪ್ರಶ್ನೆಯನ್ನು ಕೇಳಿದನು: “ಇದರಾಗ ಬೇಕಾದ್ದು ಏನರ ಐತೇನ್ರಿ ಕಾಕಾ?” ನಾವು ಇದ್ದ ಸಂಗತಿಯನ್ನು ಹೇಳಿದೆವು. “ಹಂಗಾರ ಮದ್ಲ ಅದನ್ನ ತಗಿಯೂಣು, ಡಬ್ಬಿ ಉಳೀತೈತೋ ಬಿಡತೈತೋ ಆಮ್ಯಾಗ ನೋಡೂಣು” ಎಂದನು. ಬಳಿಕ ಕಣ್ಣಿಗೆ ಮಸೂರವನ್ನು ಹಚ್ಚಿಕೊಂಡು, ಒಂದು ಹತಾರವನ್ನೂ ಮುಟ್ಟದೆ, ಐದು ನಿಮಿಷ ಡಬ್ಬಿಯನ್ನು ಎಲ್ಲ ಮಗ್ಗುಲಿಂದ ನೋಡಿದನು. ಸೂಜಿಯ ಗುರುತು ಅವನಿಗೆ ಕೂಡಲೇ ಕಂಡಿತು. ನಮ್ಮ ಮುಖವನ್ನು ನೋಡಿ ಸುಮ್ಮನಾದನು. ಆಮೇಲೆ ಡಬ್ಬಿಯನ್ನು ಸಮನಾದ ಗಾಜಿನ ಮೇಲೆ ಇಟ್ಟು ಬೆರಳಿನಿಂದ ಮೆಲ್ಲಗೆ ತಟ್ಟಿದನು. ಅದು ಬುಗುರಿಯಂತೆ ಆಡಿತು. ಬೆನ್ನಿನ ಮುಚ್ಚಳವು ಉಬ್ಬಿತ್ತು! ದಿನಾಲು ಕೈಯಲ್ಲಿ ಹಿಡಿದ ವಸ್ತು. ಆದರೂ ಮನೆಯ ಒಬ್ಬರ ಕಣ್ಣಿಗೂ ಅದು ಬಿದ್ದಿರಲಿಲ್ಲ. ಬೇನೆಯು ಹೊಟ್ಟೆಯೊಳಗಿನದಾದರೂ ಅದರ ಗುರುತು ಮೈಮೇಲೆ ಬಂದಿತ್ತು.

ಈ ಉಬ್ಬಿನ ಕಾರಣವನ್ನು ಗೃಹಸ್ಥರು ಅವಶ್ಯವಾಗಿ ತಿಳಿದಿರಬೇಕು. ಈಗಿನ ಹೆಚ್ಚಿನ ಸಣ್ಣ ಯಂತ್ರಗಳಲ್ಲಿ ಇರುವುದು ಲಿಥಿಯಂ-ಅಯಾನ್ ಬ್ಯಾಟರಿ. ಇದು ಪೇಟೆಗೆ ಬಂದದ್ದು 1991ರಲ್ಲಿ; ಇದನ್ನು ಸಾಧಿಸಿದ ಗುಡ್‌ಇನಫ್, ವಿಟ್ಟಿಂಗ್‌ಹ್ಯಾಮ್, ಯೋಶಿನೋ ಎಂಬ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಇದರ ಸಾಧಾರಣ ಒತ್ತಡವು 3.7 ವೋಲ್ಟು; ತುಂಬಿದಾಗ 4.2 ವೋಲ್ಟು. ಮುಪ್ಪಿನಿಂದಲೂ ಅತಿಯಾದ ಕಾವಿನಿಂದಲೂ ಅದರೊಳಗೆ ವಾಯು ಹುಟ್ಟಿ ಚೀಲವು ಉಬ್ಬುವುದು. ನಮ್ಮ ಡಬ್ಬಿಯು ಬೇಸಿಗೆಯಲ್ಲಿಯೂ ತಗಡಿನ ಕೆಳಗಿನ ಮಾಡದಲ್ಲಿ, ಹಗಲೆಲ್ಲ ಚಾರ್ಜಿನ ತಂತಿಗೆ ಜೋತುಕೊಂಡೇ ಇರುತ್ತಿತ್ತು. ನಮ್ಮ ಕಡೆಯ ಬಿಸಿಲು 40 ಡಿಗ್ರಿಯನ್ನು ದಾಟುವುದು ಎಲ್ಲರಿಗೂ ಗೊತ್ತಿದ್ದದ್ದೇ. ತಗಡಿನ ಕೆಳಗೆ ಕೇಳುವುದೇನು? 45 ಡಿಗ್ರಿಗೆ ಮೀರಿದ ಕಾವಿನಲ್ಲಿ ಈ ಬ್ಯಾಟರಿಗೆ ಚಾರ್ಜು ಮಾಡಲೇಬಾರದು.

ಉಬ್ಬಿದ ಬ್ಯಾಟರಿಯನ್ನು ಕಂಡಕೂಡಲೇ ಚಾರ್ಜು ಮಾಡುವುದನ್ನು ನಿಲ್ಲಿಸತಕ್ಕದ್ದು. ಅದನ್ನು ಒತ್ತಿ ಚಪ್ಪಟೆ ಮಾಡಲು ಹೋಗಬಾರದು, ಚುಚ್ಚಲಂತೂ ಕೂಡದು. ಚುಚ್ಚಿದರೆ ಬೆಂಕಿ ಹತ್ತುವ ಭಯವುಂಟು. ಉರಿಯುವ ವಸ್ತುಗಳಿಂದ ದೂರವಿಟ್ಟು, ಬಲ್ಲವರಿಂದ ತೆಗೆಯಿಸಬೇಕು. ತೆಗೆದುದನ್ನು ತಿಪ್ಪೆಗೆ ಎಸೆಯಬಾರದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸುವ ಹೊಣೆಯು ಅವುಗಳನ್ನು ತಯಾರಿಸಿ ಮಾರುವವರ ಮೇಲೆ ಇರುವುದು. ನಾವು ಡಬ್ಬಿಯನ್ನು ಬಿಸಿಲಿನಲ್ಲಿ ಇಡದೆ ಹೋದದ್ದೂ, ಸೂಜಿಯು ಹಿಂಭಾಗಕ್ಕೆ ತಾಗದೆ ಹೋದದ್ದೂ ದೈವದ ಕೃಪೆಯೆಂದೇ ಹೇಳಬೇಕು.

ತರುಣನು ಉಬ್ಬಿದ ಬ್ಯಾಟರಿಯನ್ನು ಬಿಡಿಸಿ ಬೇರೆ ಇಟ್ಟನು. ಕಿಂಡಿಯನ್ನು ಬದಲಿಸಿ ಬೆಸುಗೆ ಹಾಕಿದನು. ಹೊಸ ಬ್ಯಾಟರಿಯನ್ನು ಜೋಡಿಸಿದನು. ಅಲ್ಲಿಯ ವರೆಗೆ ನಾವು ಎದುರಿನ ಬಾಕಿನ ಮೇಲೆ ಕುಳಿತು, ಪದಗಳು ಉಳಿದಿರುವವೋ ಇಲ್ಲವೋ ಎಂದು ಮತ್ತೆ ಮತ್ತೆ ಕೇಳುತ್ತಿದ್ದೆವು. ಅವನು ಸಮಾಧಾನದಿಂದ ತಿಳಿಸಿ ಹೇಳಿದನು. ಇಂತಹ ಡಬ್ಬಿಯೊಳಗೆ ತಿರುಗುವ ತಟ್ಟೆಯಾಗಲಿ ಸುತ್ತುವ ಟೇಪಾಗಲಿ ಇಲ್ಲ. ಒಂದು ಚಿಪ್ಪಿನ ಅತಿ ಸೂಕ್ಷ್ಮವಾದ ಕೋಣೆಗಳಲ್ಲಿ ವಿದ್ಯುತ್ಕಣಗಳನ್ನು ಕೂಡಿಟ್ಟು, ಇರುವ ಕೋಣೆ ಇಲ್ಲದ ಕೋಣೆಗಳ ಲೆಕ್ಕದಿಂದಲೇ ಹಾಡನ್ನು ಬರೆದಿಡುವರು. ಬ್ಯಾಟರಿಯು ಸತ್ತರೂ ಆ ಕಣಗಳು ಇದ್ದಲ್ಲಿಯೇ ಇರುವವು. ಆದುದರಿಂದ ಯಂತ್ರವು ಮೂಕಾದ ಮಾತ್ರಕ್ಕೆ ಹಾಡು ಹೋಯಿತೆಂದು ಎದೆಗೆಡಬೇಕಾಗಿಲ್ಲ. ಆದರೆ ಆ ಕೋಣೆಗಳೂ ಶಾಶ್ವತವಲ್ಲ. ವರ್ಷಗಳು ಕಳೆದಂತೆ ಕಣಗಳು ಸೋರುವವು. “ಒಂದs ಗಡಿಗ್ಯಾಗ ಎಲ್ಲಾ ಬೀಜಾ ಇಡಬಾರದ್ರಿ ಕಾಕಾ” ಎಂದನು. ಭತ್ತದ ನಾಡಿನ ಹುಡುಗನ ಬಾಯಲ್ಲಿ ಆ ಮಾತು ತಕ್ಕದ್ದಾಗಿಯೇ ಇದ್ದಿತು.

ಡಬ್ಬಿಯನ್ನು ಕಂಪ್ಯೂಟರಿಗೆ ಜೋಡಿಸಿದಾಗ ಪರದೆಯ ಮೇಲೆ, ಫಾರ್ಮ್ಯಾಟು ಮಾಡಲೇ ಎಂಬ ಪ್ರಶ್ನೆಯು ಮೂಡಿತು. ನಮ್ಮ ಎದೆ ಝಲ್ಲೆಂದಿತು. ಅವನು ‘ಬೇಡ’ ಎಂಬುದನ್ನು ಒತ್ತಿ, ತಂತಿಯನ್ನು ಬಿಚ್ಚಿ, ಬೇರೊಂದು ತಂತಿಯಿಂದ ಮತ್ತೆ ಜೋಡಿಸಿದನು. ಈ ಸಲ ಹಾಡುಗಳ ಹೆಸರುಗಳು ಸಾಲಾಗಿ ಬಂದವು. ಕಡೆಯಲ್ಲಿ ನಾಲ್ಕು ಹೆಸರಿಲ್ಲದ ಸಾಲುಗಳು. ಅವುಗಳನ್ನು ಪ್ರತಿಮಾಡಿಕೊಂಡ ಮೇಲೆಯೇ ಅವನು ಡಬ್ಬಿಯ ಬೇರೆ ಲೋಪಗಳಿಗೆ ಕೈ ಹಚ್ಚಿದನು. ವಾಚಕರು ಈ ಕ್ರಮವನ್ನು ಮನಸ್ಸಿನಲ್ಲಿ ಇಡತಕ್ಕದ್ದು: ಮೊದಲು ಒಳಗಿನ ಸ್ವತ್ತು, ಆಮೇಲೆ ಪೆಟ್ಟಿಗೆ.

ಅಂದಿನಿಂದ ನಾವು ನೆರೆಹೊರೆಯವರ ಇಂತಹ ಡಬ್ಬಿಗಳನ್ನೂ ನೋಡುತ್ತ ಬಂದಿದ್ದೇವೆ. ಹೆಚ್ಚಿನ ಕೇಡುಗಳು ಬಾಗಿಲಲ್ಲಿಯೇ, ಎಂದರೆ ಧೂಳು ಹೋಗುವಲ್ಲಿ ಮತ್ತು ಕೈ ಆಡುವಲ್ಲಿ, ಇರುವವು. ಡಬ್ಬಿಯು ಏಳದಿದ್ದರೆ ಮೊದಲು ಚಾರ್ಜಿನ ತಂತಿಯನ್ನು ಬದಲಿಸಿ ನೋಡಬೇಕು. ತಂತಿಯು ಕೊರಳ ಹತ್ತಿರ ಒಳಗೊಳಗೇ ಕಡಿದಿರುವುದುಂಟು. ತರುವಾಯ ಚಾರ್ಜರನ್ನು, ತರುವಾಯ ಗೋಡೆಯ ಪ್ಲಗ್ಗನ್ನು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ತಪ್ಪು ಯಾವುದರದೆಂದು ಎಂದಿಗೂ ತಿಳಿಯದು. ಬಹುದಿನ ಮೂಲೆಯಲ್ಲಿದ್ದ ಡಬ್ಬಿಯ ಬ್ಯಾಟರಿಯು ಪೂರಾ ಬರಿದಾಗಿದ್ದರೆ ಅರ್ಧ ತಾಸು ಚಾರ್ಜಿಗೆ ಹಚ್ಚಿದರೂ ಬೆಳಕು ಕಾಣದಿರಬಹುದು, ತಾಳ್ಮೆ ಬೇಕು. ಕಿಂಡಿಯ ಕಸವನ್ನು, ಡಬ್ಬಿಯನ್ನು ಆರಿಸಿ, ಒಣಗಿದ ಮರದ ಹಲ್ಲುಕಡ್ಡಿಯಿಂದ ಅಂಚಿಗುಂಟ ಮೆಲ್ಲಗೆ ತೆಗೆಯಬೇಕು. ಸೂಜಿ, ಪಿನ್ನುಗಳ ಹೆಸರನ್ನೂ ಎತ್ತಬಾರದು.

ಬೆಳಕು ಇದ್ದು ಯಾವ ಗುಂಡಿಗೂ ಓಗೊಡದಿದ್ದರೆ, ಪಕ್ಕದಲ್ಲಿ ‘ಹೋಲ್ಡ್’ ಎಂಬ ಅಗಳಿಯು ಸರಿದಿದೆಯೇ ಎಂದು ನೋಡಬೇಕು. ಓಣಿಯ ಒಬ್ಬ ಅಜ್ಜಿಯ ಡಬ್ಬಿಯು ಈ ಒಂದು ಕಾರಣದಿಂದ ಎಂಟು ತಿಂಗಳು ಪೆಟ್ಟಿಗೆಯ ತಳದಲ್ಲಿ ಬಿದ್ದಿತ್ತು. ಅಗಳಿಯು ಸರಿಯಾಗಿದ್ದರೆ, ಆರಿಸುವ ಗುಂಡಿಯನ್ನು ಹತ್ತು ಹದಿನೈದು ಸೆಕೆಂಡು ಒತ್ತಿ ಹಿಡಿಯಬೇಕು. ಅನೇಕ ಡಬ್ಬಿಗಳು ಇದರಿಂದಲೇ ಎಚ್ಚರಗೊಳ್ಳುವವು, ಹಾಡುಗಳಿಗೂ ಬಾಧೆಯಿಲ್ಲ. ಒಂದೇ ಕಿವಿಗೆ ಹಾಡು ಕೇಳಿದರೆ ಇನ್ನೊಬ್ಬರ ಇಯರ್‌ಫೋನನ್ನು ಹಚ್ಚಿ ನೋಡುವುದು. ಎರಡೂ ಕಿವಿಗೆ ಕೇಳಿದರೆ ತಪ್ಪು ನಮ್ಮ ಇಯರ್‌ಫೋನಿನದು, ಕೇಳದಿದ್ದರೆ ಡಬ್ಬಿಯ ರಂಧ್ರದ್ದು. ರೇಡಿಯೋ ಇರುವ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಈ ತಂತಿಯೇ ಅಂಟೆನಾ. ಅದನ್ನು ತೂರಿಸದೆ ಎಫ್.ಎಂ. ಕೇಳಿಸುತ್ತಿಲ್ಲವೆಂದು ಬೈಯುವವರನ್ನೂ ಕಂಡಿದ್ದೇವೆ. ಮೆಮರಿ ಕಾರ್ಡನ್ನು ಡಬ್ಬಿಯು ಓದದಿದ್ದರೆ, ಆರಿಸಿ, ಕಾರ್ಡನ್ನು ತೆಗೆದು, ಅದರ ಬಂಗಾರಬಣ್ಣದ ಪಟ್ಟಿಗಳನ್ನು ಒಣ ಅರಿವೆಯಿಂದ ಒರೆಸಿ ಮತ್ತೆ ಕೂಡಿಸುವುದು.

ಇನ್ನು ನೀರು. ಜಾತ್ರೆಯಲ್ಲಿಯೋ ಕಾಲುವೆಯ ದಂಡೆಯಲ್ಲಿಯೋ ಡಬ್ಬಿಯು ನೆನೆದರೆ ಅಕ್ಕಿಯಲ್ಲಿ ಹೂತಿಡುವ ರೂಢಿಯೊಂದು ಬಂದಿರುವುದು. ಗಂಗಾವತಿಯ ಸೀಮೆಯಲ್ಲಿ ಅಕ್ಕಿಗೇನು ಕೊರತೆ! ಆದರೆ ಅಕ್ಕಿಯಿಂದ ವಿಶೇಷ ಪ್ರಯೋಜನವಿಲ್ಲ. ಅದರ ಹುಡಿಯು ಕಿಂಡಿಯೊಳಗೆ ಸೇರಿ ಇನ್ನೊಂದು ತೊಂದರೆಯಾಗುವುದು. ಕೂಡಲೇ ಆರಿಸಿ, ಒರೆಸಿ, ಗಾಳಿಯಾಡುವ ನೆರಳಿನಲ್ಲಿ ಒಂದೆರಡು ದಿನ ಬಿಡಬೇಕು. ಒಣಗುವ ತನಕ ಚಾರ್ಜಿಗೆ ಹಚ್ಚಬಾರದು. ನೀರಿಗಿಂತ ನೀರಿನೊಳಗೆ ಹರಿದ ವಿದ್ಯುತ್ತೇ ಹೆಚ್ಚು ಕೇಡು ಮಾಡುವುದು.

ಇಷ್ಟೆಲ್ಲ ನೋಡಿದ ಮೇಲೂ ಆಗದಿದ್ದರೆ ಬಲ್ಲವರ ಬಳಿಗೆ ಹೋಗಬೇಕು. ಕಣ್ಣು ಮೊದಲು, ಕಾಲು ಆಮೇಲೆ.

ಅಂದು ಸಂಜೆ ನಾವು ಊರಿಗೆ ಬಂದಾಗ ದೀಪ ಹಚ್ಚುವ ಹೊತ್ತಾಗಿತ್ತು. ಡಬ್ಬಿಯನ್ನು ತಂದೆಯವರ ಕೈಗೆ ಕೊಟ್ಟೆವು. ಅವರು ಏನೂ ಕೇಳದೆ ಗುಂಡಿಯನ್ನು ಒತ್ತಿದರು. ತಾಯಿಯವರ ದನಿ ಬಂದಿತು. ಎರಡನೆಯ ಪದದ ನಡುವೆ ಅವರು ಕೈಸನ್ನೆಯಿಂದ ನಮ್ಮನ್ನು ಹತ್ತಿರ ಕರೆದು, “ಕೇಳು, ಇಲ್ಲಿ ನಮ್ಮ ಹಳೇ ಬಾಗಲದ ಸಪ್ಪಳ ಐತಿ” ಎಂದರು. ನಾವು 2017ರಲ್ಲಿ ತೆಗೆಸಿದ ಮರದ ಬಾಗಿಲು ತಾಯಿಯವರ ಬೆನ್ನ ಹಿಂದೆ ಕಿರ್ರೆಂದು ತೆರೆಯಿತು. ಅದರ ಹಿಂದೆಯೇ ಒಂದು ಕೆಮ್ಮು. ಅದು ಹನ್ನೊಂದು ವರ್ಷ ಚಿಕ್ಕವರಾಗಿದ್ದ ತಂದೆಯವರದೇ.

ನಾಲ್ಕನೆಯ ಪದವು ಎಂದಿನ ಜಾಗದಲ್ಲಿ ನಿಂತಿತು. ಯಾವ ರಿಪೇರಿಯಿಂದಲೂ ಅದರ ಉಳಿದ ಅರ್ಧವು ಬರುವಂತಿಲ್ಲ. ಹಿಡಿದಿಡದೆ ಬಿಟ್ಟುದಕ್ಕೆ ಮದ್ದಿಲ್ಲ. ತಂದೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಉಳಿದದ್ದು ಕುಷ್ಟಗಿ ಚಿಗವ್ವಗ ಬರತೈತಿ. ಆಕಿ ಇರೂತನಕ ಹೋಗಿ ಹಿಡಕೊಂಡ ಬಾ” ಎಂದರು. ಒಂಬತ್ತು ವರ್ಷ ಅವರು ಈ ಮಾತನ್ನು ಮನಸ್ಸಿನಲ್ಲಿಯೇ ಇಟ್ಟುಕೊಂಡಿದ್ದರೆಂಬುದು ನಮಗೆ ಆಗ ತಿಳಿಯಿತು.

ಅದೇ ವಾರ, ಡಬ್ಬಿಗೆ ತುಂಬ ಚಾರ್ಜು ಮಾಡಿಕೊಂಡು, ಕುಷ್ಟಗಿಗೆ ಹೋದೆವು. ಚಿಗವ್ವನವರು ಹಲ್ಲಿಲ್ಲದ ಬಾಯಿಂದ, ಒಂದೆರಡು ಮಾತು ಬೇರೆಯಾಗಿಯೇ, ಪದವನ್ನು ಕಡೆಯ ತನಕ ಹೇಳಿದರು. ಈಗ ಆ ಐದೂ ತುಣುಕುಗಳು ನಮ್ಮ ಡಬ್ಬಿಯಲ್ಲಿ, ಅಣ್ಣನ ಮಗನ ಕಂಪ್ಯೂಟರಿನಲ್ಲಿ, ಚಿಗವ್ವನ ಮನೆಯ ಒಂದು ಮೆಮರಿ ಕಾರ್ಡಿನಲ್ಲಿ, ಹೀಗೆ ಮೂರು ಗಡಿಗೆಗಳಲ್ಲಿ ಇರುವವು. ಮರಳಿ ಬಂದ ಸಂಜೆ ತಂದೆಯವರು ಅದನ್ನು ಕೇಳಿ, “ದನಿ ಆಕೀದಲ್ಲ, ಪದ ಇದs” ಎಂದರು. ಆಮೇಲೆ ಊಟಕ್ಕೆ ಎದ್ದರು. ಅಂದಿನಿಂದ ಅವರ ಊಟದ ಹೊತ್ತು ಎರಡು ನಿಮಿಷ ತಡವಾಗಿರುವುದು.